ಹೆಜ್ಜೆ ಸಪ್ಪಳ ಕೇಳುತ್ತಿದ್ದ ಅತ್ತಿಗೆ

ಬೇಸಿಗೆ ರಜೆ ಮುಗಿದು ಶಾಲೆಯ ಕಂಪ್ಯೂಟರ್ ಕೋಣೆಯ ಬೀರು ತೆಗೆದಾಗ ಮೊದಲು ಹೊರಬಂದದ್ದು ವಾಸನೆ. ಹಗರಿಬೊಮ್ಮನಹಳ್ಳಿಯ ಬೇಸಿಗೆಯನ್ನೆಲ್ಲ ಕುಡಿದು ಕೂತಿದ್ದ ಕಬ್ಬಿಣದ ಬೀರು ಅದು. ಒಳಗೆ ಹಳೆಯ ಹೆಡ್‌ಫೋನುಗಳ ಗುಡ್ಡೆ. ಕಿವಿಗೆ ಒತ್ತುವ ಮೆತ್ತೆಯ ರೆಕ್ಸಿನ್ ಕಾದು ಸಿಪ್ಪೆ ಸಿಪ್ಪೆಯಾಗಿ ಎದ್ದಿತ್ತು. ಅದರೊಳಗಿನ ಸ್ಪಂಜಿಗೆ ಮಕ್ಕಳ ತಲೆಯ ಕೊಬ್ಬರಿ ಎಣ್ಣೆಯೂ ಬೆವರೂ ಇಳಿದು ಒಂದು ಥರದ ಕಮಟು. ಆಯಾ ಮೂಗು ಮುಚ್ಚಿಕೊಂಡು ಆಚೆ ಹೋದಳು. ನಾನು ಬಾಗಿಲು ಹಿಡಿದುಕೊಂಡು ಅಲ್ಲೇ ನಿಂತೆ. ನನ್ನ ಅತ್ತಿಗೆಯ ಹೆಡ್‌ಫೋನಿಗೂ ಇದೇ ವಾಸನೆಯಿತ್ತು... ಅದಕ್ಕೆ ಒಂದಿಷ್ಟು ಮೆಂತ್ಯದ ಕಹಿ ಹೆಚ್ಚು, ಅಷ್ಟೆ. ಅವಳು ಎಣ್ಣೆಗೆ ಮೆಂತ್ಯ ಹಾಕಿ ಕಾಯಿಸುತ್ತಿದ್ದಳು.

ಅಣ್ಣನ ಮದುವೆಯಾದಾಗ ನಾನು, ಅವನ ಒಬ್ಬಳೇ ತಂಗಿ, ಕೊಟ್ಟೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ಅಪ್ಪ ಇರಲಿಲ್ಲ. ಅಣ್ಣ ಟೆಂಪೊ ಇಟ್ಟುಕೊಂಡು ಮೆಕ್ಕೆಜೋಳ, ಈರುಳ್ಳಿ, ಒಮ್ಮೊಮ್ಮೆ ಮದುವೆ ಮನೆಗಳ ಪಾತ್ರೆ ಸಾಗಿಸುತ್ತಿದ್ದ. ಮನೆಯಲ್ಲಿ ಅವನು, ಅವ್ವ, ನಾನು. ಅಲ್ಲಿಗೆ ಅತ್ತಿಗೆ ತಂಬ್ರಹಳ್ಳಿಯಿಂದ ಬಂದಳು. ನನಗಿಂತ ಸ್ವಲ್ಪವೇ ದೊಡ್ಡವಳಾದ್ದರಿಂದ ನಾನು ಅವಳನ್ನು ಬಹುವಚನದಲ್ಲಿ ಕರೆದದ್ದೇ ನೆನಪಿಲ್ಲ. ಮೊದಲ ಕೆಲವು ದಿನ ಅವಳು ಹೆಚ್ಚು ಮಾತಾಡಲಿಲ್ಲ. ಅವ್ವ ಹೇಳಿದ್ದು ಮಾಡುವುದು, ಬಚ್ಚಲಿನ ಪಕ್ಕದ ಕಟ್ಟೆಯ ಮೇಲೆ ಕೂತು ತಲೆ ಬಾಚಿಕೊಳ್ಳುವುದು, ಇಷ್ಟೇ. ನಮ್ಮಿಬ್ಬರ ನಡುವೆ ಏನೂ ಬೆಳೆಯುವ ಲಕ್ಷಣ ಕಾಣಲಿಲ್ಲ.

ಒಂದು ಮಧ್ಯಾಹ್ನ ನಾನು ಒಳಕೋಣೆಯಲ್ಲಿ ಮೊಬೈಲು ಹಿಡಿದು ಆಡುತ್ತಿದ್ದೆ. ಆಗೆಲ್ಲ ಕಾಲೇಜಿನ ಅರ್ಧ ಜನ ಆಡುತ್ತಿದ್ದ ಆಟ. ನೂರು ಜನ ಒಂದು ದ್ವೀಪಕ್ಕೆ ಇಳಿದು, ಬಂದೂಕು ಹುಡುಕಿಕೊಂಡು, ಕೊನೆಗೆ ಒಬ್ಬರೋ ಒಂದು ಜೋಡಿಯೋ ಉಳಿಯುವ ತನಕ ಬಡಿದಾಡುವುದು. ನಾನು ಬೇಗ ಸಾಯುವವರ ಪೈಕಿ. ಅತ್ತಿಗೆ ಒಗೆದ ಬಟ್ಟೆ ಮಡಚಿ ಇಡಲು ಬಂದವಳು ಹಿಂದೆ ನಿಂತು ನೋಡಿದಳು. ಆಮೇಲೆ ಬಹಳ ಮೆಲ್ಲಗೆ ಹೇಳಿದಳು:

“ಆ ನೆರಳು ಎಲ್ಲಾ ತಗದು ಹಾಕು. ಚಂದ ನೋಡ್ಕೋತ ಕುಂತರ ಹೊಡಸ್ಕೊಂತಿ.”

ನಾನು ಬೆರಗಾಗಿ ತಿರುಗಿದೆ. ಅವಳು ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು ಸೆಟ್ಟಿಂಗಿಗೆ ಹೋಗಿ ಒಂದೊಂದನ್ನೇ ಬದಲಿಸಿದಳು. ನೆರಳು ಹೋಯಿತು, ಹುಲ್ಲಿನ ನವಿರು ಹೋಯಿತು, ನೀರಿನ ಹೊಳಪು ಹೋಯಿತು. ಬಣ್ಣಗಳು ಸಂತೆಯ ಪ್ಲಾಸ್ಟಿಕ್ ಸಾಮಾನಿನ ಹಾಗೆ ಢಾಳಾದವು. ದ್ವೀಪ ಕುರೂಪವಾಯಿತು. ಆದರೆ ಪೊದೆಯ ಹಿಂದೆ ಕೂತವನ ತಲೆ ಗೋಡೆಗೆ ಅಂಟಿಸಿದ ಬೊಟ್ಟಿನ ಹಾಗೆ ಕಂಡಿತು. ಕೊರೊನಾ ಕಾಲದಲ್ಲಿ ಕಾಲೇಜು ಮುಚ್ಚಿದಾಗ ಅವಳು ತನ್ನ ಚಿಕ್ಕಪ್ಪನ ಮಕ್ಕಳಿಂದ ಕಲಿತದ್ದಂತೆ. ಅವರೆಲ್ಲರನ್ನೂ ಮೀರಿಸಿದ್ದಳಂತೆ. ಮದುವೆ ಗೊತ್ತಾದ ಮೇಲೆ ಅವಳ ಅವ್ವ ಅದನ್ನೆಲ್ಲ ಅಳಿಸಿಹಾಕಿಸಿದ್ದಳು. ಅಂದು ಸಂಜೆ ಅತ್ತಿಗೆ ಅದನ್ನು ತನ್ನ ಮೊಬೈಲಿಗೆ ಮತ್ತೆ ಇಳಿಸಿಕೊಂಡಳು.

ಅಲ್ಲಿಂದ ನಾವು ಜೋಡಿಯಾದೆವು. ಅವ್ವ ಊಟ ಮಾಡಿ ಅಡ್ಡಾದ ಮೇಲೆ, ಅಣ್ಣ ಬರುವುದಕ್ಕೆ ಮೊದಲು ನಮ್ಮ ಹೊತ್ತು. ಪಕ್ಕದಲ್ಲಿ ಹಿಟ್ಟಿನ ಗಿರಣಿ ಇತ್ತು. ಅದು ಓಡುತ್ತಿರುವಾಗ ಅತ್ತಿಗೆ ಆಟ ಶುರು ಮಾಡುತ್ತಿರಲಿಲ್ಲ. ಗಿರಣಿ ನಿಂತು, ಬೀದಿಯ ಗದ್ದಲ ಇಳಿದು, ಮೇಲಿನ ತಗಡು ಕೂಡ ಬಿಸಿಲಿಗೆ ಸಿಡಿಯುವುದನ್ನು ನಿಲ್ಲಿಸಿದ ಮೇಲೆ ಆ ದೊಡ್ಡ ಕಪ್ಪು ಹೆಡ್‌ಫೋನನ್ನು ಸೆರಗಿನ ಒಳಗಿಂದ ತಲೆಗೆ ಏರಿಸುತ್ತಿದ್ದಳು. ಅಣ್ಣ ಸಣ್ಣದೊಂದು ವೈರಿಲ್ಲದ ಜೋಡಿ ತಂದುಕೊಟ್ಟಿದ್ದ. ಅದನ್ನು ಅವಳು ಮುಟ್ಟಲಿಲ್ಲ. ವೈರಿಲ್ಲದ್ದರಲ್ಲಿ ಸದ್ದು ಒಂದು ಕ್ಷಣ ತಡವಾಗಿ ಬರುತ್ತದೆ, ಗುಂಡು ಬಿದ್ದ ಮೇಲೆ ಸದ್ದು ಕೇಳಿ ಏನು ಮಾಡುವುದು ಎನ್ನುತ್ತಿದ್ದಳು.

ಕೇಳುವುದನ್ನು ನನಗೆ ಕಲಿಸಿದವಳು ಅವಳು. ಮರದ ಹಲಗೆಯ ಮೇಲೆ ಓಡುವ ಕಾಲಿನ ಸದ್ದು ಒಂದು, ಸಿಮೆಂಟಿನ ಮೇಲಿನದು ಇನ್ನೊಂದು. ಹುಲ್ಲಿನಲ್ಲಿ ಸರಸರ, ನೀರಿನಲ್ಲಿ ಚಳಪಳ, ತಗಡಿನ ಮೇಲೆ ಗಡಗಡ. ಬೂಟು ತೊಟ್ಟವನು ಬೇರೆ, ಬರಿಗಾಲಿನವನು ಬೇರೆ. ಎಡಗಿವಿಯಲ್ಲಿ ಶುರುವಾದ ಸದ್ದು ನಿಧಾನವಾಗಿ ಎರಡೂ ಕಿವಿಗೆ ಸಮನಾಗಿ ಬಂದರೆ ಅವನು ನಿನ್ನ ಮುಂದೆ ಬಂದ ಅಂತ, ಇಲ್ಲ ಹಿಂದೆ ಬಂದ ಅಂತ. ಮುಂದೋ ಹಿಂದೋ ತಿಳಿಯಬೇಕಾದರೆ ತಲೆ ಸ್ವಲ್ಪ ತಿರುಗಿಸಿ ಮತ್ತೆ ಕೇಳು. ಬಾಂಬು ಬಿದ್ದಾಗ, ಜೀಪು ಹಾದುಹೋಗುವಾಗ ಹೆಜ್ಜೆಗಳು ಮುಳುಗಿ ಹೋಗುತ್ತವೆ. ಆಗ ಗುಂಡು ಹಾರಿಸಿ ನಿನ್ನ ಕಿವಿಯನ್ನು ನೀನೇ ಮುಚ್ಚಿಕೊಳ್ಳಬೇಡ, ಸುಮ್ಮನೆ ಕೂತು ಗದ್ದಲ ಇಳಿಯಲಿ ಎಂದು ಕಾಯಿ. ಇದನ್ನೆಲ್ಲ ಅವಳು ಪಾಠದ ಹಾಗೆ ಹೇಳಲಿಲ್ಲ. ಆಡುತ್ತ ಆಡುತ್ತ, ನಾನು ಸತ್ತಾಗೆಲ್ಲ ನನ್ನ ತಲೆಗೆ ಮೊಟಕಿ ಹೇಳುತ್ತಿದ್ದಳು.

ಮೈಕನ್ನು ನಾವು ಎಂದೂ ಹಾಕುತ್ತಿರಲಿಲ್ಲ. ಹೆಂಗಸಿನ ದನಿ ಕೇಳಿದರೆ ಆಟ ಅಲ್ಲಿಗೇ ನಿಂತು ಬೇರೆ ಏನೋ ಶುರುವಾಗುತ್ತದೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆಟದಲ್ಲಿ ಅವಳು ಗಂಡಸಿನ ಹೆಸರು ಇಟ್ಟುಕೊಂಡಿದ್ದಳು. ನಾಲ್ವರ ತಂಡದಲ್ಲಿ ಆಡುವಾಗ ಎಲ್ಲಿಯವರೋ ಹುಡುಗರು ಅವಳನ್ನು ‘ಅಣ್ಣಾ, ನೀವು ಮಿಲಿಟ್ರಿಯವರಾ?’ ಎಂದು ಕೇಳುವರು. ಅತ್ತಿಗೆ ಸೆರಗನ್ನು ಬಾಯಿಗೆ ತುರುಕಿಕೊಂಡು ಭುಜ ಕುಣಿಸಿ ನಗುತ್ತಿದ್ದಳು. ಆ ಮನೆಯಲ್ಲಿ ಅವಳು ನಕ್ಕದ್ದು ಹೆಚ್ಚಾಗಿ ಹಾಗೆ, ಸದ್ದಿಲ್ಲದೆ...

ಅವಳ ಪರದೆಯಲ್ಲಿ ಒಂದು ವಿಚಿತ್ರವಿತ್ತು. ಎಲ್ಲರಿಗೂ ಮೂಲೆಯಲ್ಲಿರುವ ಸಣ್ಣ ನಕ್ಷೆಯನ್ನು, ಅಂಚಿನಲ್ಲಿರುವ ಗುಂಡಿಗಳನ್ನು ಅವಳು ನಡುವಿಗೆ ಎಳೆದುಕೊಂಡಿದ್ದಳು. ನೋಡಲು ಇಕ್ಕಟ್ಟು, ಆಡಲು ಇನ್ನೂ ಇಕ್ಕಟ್ಟು. ಚೆನ್ನಾಗಿ ಆಡುವವರು ಹೀಗೇ ಇಟ್ಟುಕೊಳ್ಳುತ್ತಾರೇನೋ ಎಂದು ನಾನೂ ಹಾಗೇ ಮಾಡಿಕೊಂಡೆ. ಮೂರು ದಿನ ಆಡಲಾಗದೆ ಒದ್ದಾಡಿ ವಾಪಸು ಹಾಕಿಕೊಂಡೆ.  ಅವಳು ಯಾಕೆ ಹಾಗಿಟ್ಟುಕೊಂಡಿದ್ದಾಳೆಂದು ಕೇಳಲಿಲ್ಲ.

ಆಮೇಲೆ ಒಂದು ದಿನ, ಮರಳುಗಾಡಿನಂಥ ನಕ್ಷೆಯಲ್ಲಿ ಆಡುತ್ತಿದ್ದೆವು. ಬಂಡೆ, ಕುರುಚಲು, ಬೋಳು ಗುಡ್ಡ. ಅತ್ತಿಗೆ ಅದನ್ನು ‘ನಮ್ಮ ಕೂಡ್ಲಿಗಿ ಕಡಿ ಸೀಮಿ’ ಎನ್ನುತ್ತಿದ್ದಳು. ಅಂದು ಬೀದಿಯಲ್ಲಿ ಯಾರೋ ಬೋರ್‌ವೆಲ್ ಕೊರೆಸುತ್ತಿದ್ದರು, ಗೋಡೆಯೇ ನಡುಗುತ್ತಿತ್ತು. ಆದರೂ ಆಡೋಣವೆಂದು ನಾನೇ ಹಟ ಮಾಡಿದ್ದೆ. ಕೊನೆಗೆ ಅತ್ತಿಗೆ ಮತ್ತು ಎದುರಿನವನೊಬ್ಬ ಉಳಿದರು. ಅವನು ಅತ್ತಿಗೆಯ ಎಡಗಡೆಯ ಬಯಲಿನಲ್ಲಿ, ಅಡ್ಡ ಏನೂ ಇಲ್ಲದ ಜಾಗದಲ್ಲಿ ಓಡಿ ಬಂದ. ಆಟದಲ್ಲಿ ನಾನು ಆಗಲೇ ಸತ್ತಿದ್ದರಿಂದ ನಾನು ಅವಳ ಪರದೆಯನ್ನೇ ನೋಡುತ್ತಿದ್ದೆ. ಅವನು ಪರದೆಯ ಎಡ ಅಂಚಿನಲ್ಲಿ ಹಾಡುಹಗಲಿನಷ್ಟು ಸ್ಪಷ್ಟವಾಗಿ ಕಾಣುತ್ತಿದ್ದ. ಅತ್ತಿಗೆ ಕದಲಲಿಲ್ಲ. ನಾನು ಎಡಕ್ಕೆ, ಎಡಕ್ಕೆ ಎಂದು ಕೂಗುವಷ್ಟರಲ್ಲಿ ಮುಗಿದಿತ್ತು.

“ಕೇಳಿಸಲಿಲ್ಲ” ಎಂದಳು.

ಕೇಳಿಸುವ ಮಾತೆಲ್ಲಿ ಬಂತು, ಕಣ್ಣೆದುರೇ ಇದ್ದನಲ್ಲ ಎಂದೆ. ಅವಳು ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡಳು. ನಾನು ಮೆಲ್ಲಗೆ ನನ್ನ ಕೈಯನ್ನು ಅವಳ ಕಿವಿಯ ಪಕ್ಕದಿಂದ ಮುಂದಕ್ಕೆ ತಂದೆ. ಬೆರಳು ಮೂಗಿನ ನೇರಕ್ಕೆ ಬರುವ ತನಕ ಅವಳ ಕಣ್ಣು ಮಿಟುಕಲಿಲ್ಲ.

“ಕೊಳವಿ ಒಳಗಿಂದ ನೋಡಿದಂಗ ಐತಿ” ಎಂದಳು. “ನಡುವು ಕಾಣ್ತೈತಿ, ಸುತ್ತ ಏನೂ ಇಲ್ಲ. ಸಂಜಿ ಆತಂದ್ರ ಅದೂ ಇಲ್ಲ.”

ಸಣ್ಣವಳಿದ್ದಾಗಿನಿಂದಲೂ ಕತ್ತಲಲ್ಲಿ ಕಾಣುವುದು ಕಡಿಮೆಯೇ ಇತ್ತಂತೆ. ಎಲ್ಲರಿಗೂ ಹೀಗೇ ಎಂದುಕೊಂಡಿದ್ದಳು. ಕೊಳವೆ ಆಗಿದ್ದು ಮಾತ್ರ ಈಚೆಗೆ. ನೆರಳು ತೆಗೆದದ್ದು, ಬಣ್ಣ ಢಾಳು ಮಾಡಿದ್ದು, ನಕ್ಷೆ ನಡುವಿಗೆ ತಂದದ್ದು, ಕಿವಿಯನ್ನು ಅಷ್ಟು ಹರಿತ ಮಾಡಿಕೊಂಡದ್ದು ಎಲ್ಲವೂ ನನಗೆ ಆಗ ಬೇರೆಯಾಗಿ ಕಂಡವು. ನಾನು ಆಟದ ಚಾಲಾಕಿತನ ಎಂದುಕೊಂಡದ್ದು ಅವಳು ಮುಳುಗದಂತೆ ಹಿಡಿದುಕೊಂಡಿದ್ದ ಹಗ್ಗವಾಗಿತ್ತು.

ಕಾಲೇಜು ಪರೀಕ್ಷೆಯ ಕೆಲಸವಿದೆ, ಜೊತೆಗೆ ಅತ್ತಿಗೆ ಬರಲಿ ಎಂದು ಅವ್ವನಿಗೆ ಹೇಳಿ ನಾನು ಅವಳನ್ನು ದಾವಣಗೆರೆಗೆ ಕರೆದುಕೊಂಡು ಹೋದೆ. ಹರಿಹರದ ತನಕ ರೈಲು, ಮುಂದೆ ಬಸ್ಸು. ಕಣ್ಣಿನ ಆಸ್ಪತ್ರೆಯಲ್ಲಿ ಬಹಳ ಹೊತ್ತು ಪರೀಕ್ಷೆ ಮಾಡಿದರು. ಡಾಕ್ಟರಮ್ಮ ವಯಸ್ಸಾದವರು, ನಿಧಾನವಾಗಿ ಮಾತಾಡಿದರು. ಅಪ್ಪ ಅವ್ವ ಸಂಬಂಧಿಕರೇ ಎಂದು ಕೇಳಿದರು. ಹೌದು, ಅತ್ತಿಗೆಯ ಅವ್ವ ತನ್ನ ಸೋದರಮಾವನನ್ನೇ ಮದುವೆಯಾದವಳು. ಇದು ಕಣ್ಣಿನ ಒಳಪರದೆ ಒಣಗುತ್ತ ಹೋಗುವ ರೋಗ, ರಕ್ತದಲ್ಲಿ ಬಂದದ್ದು ಎಂದರು. ಹೋದ ದೃಷ್ಟಿ ವಾಪಸು ತರುವ ಔಷಧಿ ತಮ್ಮಲ್ಲಿಲ್ಲ ಎಂದರು. ಅತ್ತಿಗೆ ಒಂದೇ ಒಂದು ಪ್ರಶ್ನೆ ಕೇಳಿದಳು, ಮೊಬೈಲು ನೋಡಿದ್ದಕ್ಕೆ ಬಂತೇ ಎಂದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಒಡಹುಟ್ಟಿದವರಿದ್ದರೆ ಅವರ ಕಣ್ಣನ್ನೂ ತೋರಿಸಿ ಎಂದರು.

ಅವಳಿಗೊಬ್ಬ ತಂಗಿಯಿದ್ದಳು.

ವಾಪಸು ಬರುವಾಗ ರೈಲಿನಲ್ಲಿ ಜನ ಕಡಿಮೆಯಿತ್ತು. ಅತ್ತಿಗೆ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ನೋಡುತ್ತಿದ್ದಳೋ, ಕೇಳುತ್ತಿದ್ದಳೋ... ಹರಪನಹಳ್ಳಿ ದಾಟಿದ ಮೇಲೆ ಮಾತಾಡಿದಳು. ತಂಗಿಯನ್ನು ನೋಡಲು ಹಡಗಲಿಯಿಂದ ಬಂದು ಹೋಗಿದ್ದಾರೆ, ಒಪ್ಪಿದ್ದಾರೆ, ಮಾತುಕತೆ ಬಾಕಿಯಿದೆ. ಮನೆತನದಲ್ಲಿ ಕುರುಡಿದೆ ಎಂದು ಸುದ್ದಿಯಾದರೆ ಆ ಹುಡುಗಿಯನ್ನು ಯಾರೂ ಕೇಳುವುದಿಲ್ಲ ಎಂದಳು. ಹಾಗಾದರೆ ಅವಳ ಕಣ್ಣನ್ನು ತೋರಿಸುವುದು ಬೇಡವೇ ಎಂದೆ.

“ಆಕಿ ಕಣ್ಣು ಚೊಲೋ ಅದಾವ. ಸಂಜಿಮುಂದ ಮಲ್ಲಿಗಿ ಮಾಲಿ ಕಟ್ತಾಳ, ಒಂದು ಹೂವು ತಪ್ಪಂಗಿಲ್ಲ. ಲಗ್ನ ಆಗಲಿ, ಆಮ್ಯಾಲೆ ನಾನ ಹೇಳ್ತೀನಿ. ಅಲ್ಲೀತನಕ ನೀನು ಯಾರ ಮುಂದೂ ಬಾಯಿ ಬಿಡಬ್ಯಾಡ.”

ಆಗಲಿ ಎಂದೆ. ಅವಳ ಕಣ್ಣಿನ ವಿಷಯ, ಅವಳ ತಂಗಿಯ ವಿಷಯ. ನಾನು ಬೇರೆ ಏನು ಹೇಳಬಹುದಿತ್ತು?

ಆದರೆ ಮುಚ್ಚಿಡುವ ಹಾಗಿರಲಿಲ್ಲ. ಆ ವರ್ಷದ ಕಾರ್ತಿಕದಲ್ಲಿ ಅವ್ವನ ತಂಗಿ, ನನ್ನ ಚಿಕ್ಕಮ್ಮ, ಮಗಳನ್ನೂ ಮೊಮ್ಮಗುವನ್ನೂ ಕರೆದುಕೊಂಡು ಬಂದಿದ್ದಳು. ಮಗುವನ್ನು ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿಸಿದ್ದರು. ದೀಪ ಹಚ್ಚುವ ಹೊತ್ತು, ಕರೆಂಟು ಹೋಗಿತ್ತು. ಅತ್ತಿಗೆ ಒಳಗಿಂದ ನೀರಿನ ಕೊಡ ಎತ್ತಿಕೊಂಡು ಬಂದಳು. ನಿದ್ದೆಯಲ್ಲಿದ್ದ ಮಗು ಸದ್ದು ಮಾಡುತ್ತಿರಲಿಲ್ಲ. ಅವಳ ಕಾಲು ಅದರ ಕೈ ಮೇಲೆ ಬಿತ್ತು. ಆ ಚೀರಾಟ ಈಗಲೂ ನನ್ನ ಕಿವಿಯಲ್ಲಿದೆ. ಎಳೆಯ ಬೆರಳಿನ ಮೂಳೆ ಮುರಿದಿತ್ತು. ಅತ್ತಿಗೆ ಕೊಡವನ್ನು ಅಲ್ಲೇ ಬಿಟ್ಟು ನೆಲದ ಮೇಲೆ ಕೂತು ಮಗುವನ್ನು ಹುಡುಕುತ್ತ ಎರಡೂ ಕೈಯಿಂದ ಚಾಪೆ ತಡಕಾಡುತ್ತಿದ್ದಳು. ಯಾರೋ ಮಗುವನ್ನು ಆಗಲೇ ಎತ್ತಿಕೊಂಡಿದ್ದರು. ಅವಳು ಬರಿಯ ಚಾಪೆಯ ಮೇಲೆ ಕೈ ಆಡಿಸುತ್ತಲೇ ಇದ್ದಳು. ಎಲ್ಲರೂ ನೋಡಿದರು.

ಮುಂದಿನ ವಾರ ಹಿರಿಯರು ಸೇರಿದರು. ತಂಬ್ರಹಳ್ಳಿಯಿಂದ ಅವಳ ಅಪ್ಪ, ಅವ್ವ, ತಂಗಿ ಬಂದರು. ಅವರ ಜೊತೆ ಹಡಗಲಿಯ ಹಿರಿಯರೊಬ್ಬರೂ ಇದ್ದರು, ತಂಗಿಯನ್ನು ನೋಡಿಹೋಗಿದ್ದ ಹುಡುಗನ ದೊಡ್ಡಪ್ಪ. ಎರಡೂ ಕಡೆಗೆ ಬೇಕಾದವರೆಂದು ಅವರನ್ನು ಕರೆಸಿದ್ದರು. ಪಡಸಾಲೆಯಲ್ಲಿ ಗಂಡಸರು ಕೂತರು, ಹೆಂಗಸರು ಬಾಗಿಲ ಬಳಿ. ಅಣ್ಣ ಗೋಡೆಗೊರಗಿ ತಲೆ ತಗ್ಗಿಸಿ ಕೂತಿದ್ದ. ಅವನು ಕೆಟ್ಟವನಲ್ಲ. ಅವನಿಗೆ ಮಾತು ಬರುತ್ತಿರಲಿಲ್ಲ, ಅಷ್ಟೆ.

ಅವ್ವ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಳು. ಮೂರು ಹೊತ್ತೂ ಮೊಬೈಲು ಹಿಡಿದು ಗುಂಡು ಹಾರಿಸೋ ಆಟ ಆಡಿದರೆ ಕಣ್ಣು ಉಳಿಯುತ್ತವೆಯೇ ಎಂದು ಬೀದಿಗೆಲ್ಲ ಹೇಳಿಯಾಗಿತ್ತು. ನಾವು ಕದ್ದು ಆಡುತ್ತಿದ್ದುದು ಅವ್ವನಿಗೆ ಗೊತ್ತಿಲ್ಲವೆಂದುಕೊಂಡದ್ದು ನಮ್ಮ ಭ್ರಮೆ. ಹಡಗಲಿಯ ಹಿರಿಯರು ಮಾತ್ರ ಅದನ್ನು ಸುಮ್ಮನೆ ಒಪ್ಪಲಿಲ್ಲ. ಎಲೆ ಅಡಿಕೆ ಪಕ್ಕಕ್ಕಿಟ್ಟು ಅತ್ತಿಗೆಯ ಅಪ್ಪನನ್ನು ಕೇಳಿದರು:

“ಇದೇನು ನಿಮ್ಮ ಮನಿತನದಾಗ ಬಂದಿದ್ದೇನ್ರಿ?”

ಅವಳ ಅಪ್ಪ ಹೆಂಡತಿಯ ಕಡೆ ನೋಡಿದರು.  ಅತ್ತಿಗೆ ನನ್ನ ಪಕ್ಕದಲ್ಲೇ ನಿಂತಿದ್ದಳು. ನನ್ನ ಮಣಿಕಟ್ಟನ್ನು ಒಮ್ಮೆ ಗಟ್ಟಿಯಾಗಿ ಒತ್ತಿದಳು, ಸುಮ್ಮನಿರು ಎನ್ನುವ ಹಾಗೆ. ಆಮೇಲೆ ಬಾಗಿಲು ದಾಟಿ ಗಂಡಸರ ಮುಂದೆ ಹೋಗಿ ನಿಂತಳು. ದನಿ ಬಂದ ಕಡೆಗೆ ಸರಿಯಾಗಿ ಮುಖ ಮಾಡಿ ಹೇಳಿದಳು:

“ಮನಿತನದಾಗ ಯಾರಿಗೂ ಇಲ್ರಿ. ನಾನ ಮೊಬೈಲ್ ಆಡಿ ಆಡಿ ಕಣ್ಣು ಕಳಕೊಂಡೀನಿ. ಡಾಕ್ಟರೂ ಅದನ್ನ ಹೇಳ್ಯಾರ. ತಪ್ಪು ನಂದ ಐತ್ರಿ.”

ಹಡಗಲಿಯವರು ನಿಟ್ಟುಸಿರು ಬಿಟ್ಟು ಮತ್ತೆ ಎಲೆ ಅಡಿಕೆ ತೆಗೆದುಕೊಂಡರು. ಅವ್ವ, ನಾನು ಹೇಳಲಿಲ್ಲವೇ ಎಂದು ಸುತ್ತ ನೋಡಿದಳು. ಅತ್ತಿಗೆಯ ಹೆತ್ತವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತಂಗಿ ಅಲ್ಲೇ ಕಂಬದ ಬಳಿ ನಿಂತಿದ್ದಳು, ಅಕ್ಕನನ್ನೇ ನೋಡುತ್ತ. ಮಾತುಕತೆ ಬೇಗ ಮುಗಿಯಿತು. ಕಣ್ಣಿಗೆ ಆರಾಮವಾಗುವ ತನಕ ತವರಿನಲ್ಲಿ ಇರಲಿ ಎಂದಾಯಿತು. ಆರಾಮವಾಗುವುದಿಲ್ಲವೆಂದು ಆ ಪಡಸಾಲೆಯಲ್ಲಿ ಗೊತ್ತಿದ್ದವರು ನಾವಿಬ್ಬರೇ. ಹೊರಡುವಾಗ ಅವಳ ಮೊಬೈಲನ್ನು ಅವ್ವ ಒಳಗಿಟ್ಟುಕೊಂಡಳು. ಅತ್ತಿಗೆ ಕೇಳಲೂ ಇಲ್ಲ. ಅವಳಿಗೆ ಇನ್ನೂ ಲೀಲಾಜಾಲವಾಗಿ ಓಡಾಡಲು, ಗೋಡೆ ಹತ್ತಲು, ಯಾರನ್ನೂ ತುಳಿಯದೆ ಇರಲು ಸಾಧ್ಯವಿದ್ದ ಜಾಗ ಆ ಮೊಬೈಲಿನೊಳಗಿನ ದ್ವೀಪವೊಂದೇ ಆಗಿತ್ತು.

ತಂಗಿಯ ಮದುವೆ ಆ ಬೇಸಿಗೆಯಲ್ಲಿ ಆಯಿತು. ಅಣ್ಣ ಮೊದಮೊದಲು ತಂಬ್ರಹಳ್ಳಿಗೆ ಹೋಗಿ ಬರುತ್ತಿದ್ದ. ಹಣ್ಣು ಒಯ್ಯುತ್ತಿದ್ದ.  ಆಮೇಲೆ ಟೆಂಪೊ ಬಾಡಿಗೆ ದೂರದೂರಕ್ಕೆ ಸಿಗುತ್ತ ಹೋಯಿತು, ಅಥವಾ ಅವನು ಹಾಗೆ ಹೇಳುತ್ತಿದ್ದ...

ಮದುವೆಯ ಗಲಾಟೆ ಮುಗಿದ ಮೇಲೆ ಒಂದು ದಿನ ನನ್ನ ಮೊಬೈಲಿನಲ್ಲಿ, ಆಟದೊಳಗೆ, ಅತ್ತಿಗೆಯ ಆ ಗಂಡಸಿನ ಹೆಸರು ಹಸಿರಾಗಿ ಬೆಳಗಿತು. ಅವಳಿಗೆ ಚಿಕ್ಕಪ್ಪನ ಮಗನ ಹಳೆಯ ಮೊಬೈಲು ಸಿಕ್ಕಿತ್ತಂತೆ. ಅಂದು ಮೊದಲ ಬಾರಿ ನಾವು ಮೈಕು ಹಾಕಿಕೊಂಡು ಆಡಿದೆವು. ಬೇರೆ ದಾರಿಯಿರಲಿಲ್ಲ. ಅವಳಿಗೆ ಆಗ ಪರದೆಯ ನಡುವೆ ಹೆಬ್ಬೆಟ್ಟಿನಷ್ಟು ಜಾಗ ಮಾತ್ರ ಕಾಣುತ್ತಿತ್ತು, ಅದೂ ಮಬ್ಬಾಗಿ. ಗುರಿ ಹಿಡಿಯುವುದು ಆಗುತ್ತಿರಲಿಲ್ಲ. ಅವಳು ನನ್ನ ಬೆನ್ನಿಗೆ ಅಂಟಿಕೊಂಡು ಓಡಿಬರುತ್ತಿದ್ದಳು, ನಾನು ಯಾವುದಾದರೂ ಮನೆಯೊಳಗೆ ಅವಳನ್ನು ಕೂರಿಸುತ್ತಿದ್ದೆ. ಅವಳು ಕೇಳುತ್ತಿದ್ದಳು, ನಾನು ನೋಡುತ್ತಿದ್ದೆ.

ಒಂದು ಆಟ ಮರೆಯಲಾರೆ. ಸಮುದ್ರದಂಚಿನ ಎರಡಂತಸ್ತಿನ ಮನೆಯೊಳಗೆ ಸಿಕ್ಕಿಕೊಂಡಿದ್ದೆವು. ಹೊರಗೆ ಯಾರೋ ಹೊಗೆ ಬಾಂಬು ಹಾಕಿದ್ದರು. ಕಿಟಕಿ, ಬಾಗಿಲು, ಮೆಟ್ಟಿಲು ಎಲ್ಲ ಬಿಳಿ. ನನ್ನ ಎರಡು ಕಣ್ಣಿಗೂ ಏನೂ ಕಾಣುತ್ತಿರಲಿಲ್ಲ. ನಾನು ಗಾಬರಿಯಲ್ಲಿ ಸುಮ್ಮನೆ ಗುಂಡು ಹಾರಿಸತೊಡಗಿದೆ.

“ಹೊಡೀಬ್ಯಾಡ, ಸುಮ್ಮನಿರು” ಎಂದಳು ಅತ್ತಿಗೆ. ಉಸಿರು ಕೂಡ ಕೇಳದಷ್ಟು ಸುಮ್ಮನಾದೆ. “ತಗಡಿನ ಮ್ಯಾಲೆ ಬಂದ. ಈಗ ಹಲಗಿ. ಮೆಟ್ಟಿಲ ತುದೀಗೆ ಅದಾನ, ಕುಂತಾನ. ಬಲಕ್ಕ ತಿರುಗು, ಇನ್ನೊಂಚೂರು... ಹೊಡಿ.”

ಬಿಳಿ ಹೊಗೆಯೊಳಗೆ ಹೊಡೆದೆ. ಗೆದ್ದೆವು ಎಂದು ಪರದೆಯ ಮೇಲೆ ಬಂತು. ನಾನು ಕಿರುಚಿದೆ. ಆ ಕಡೆಯಿಂದ ಅವಳು ನಗುವುದು ಕೇಳಿಸಿತು. ಬಾಯಿಗೆ ಸೆರಗು ಇಟ್ಟುಕೊಳ್ಳದೆ ನಕ್ಕದ್ದು. ಆಮೇಲೆ ಕೇಳಿದಳು, ಈಗ ಹೇಗೆ ಕಾಣುತ್ತದೆ ಹೇಳು ಎಂದು. ಹೊಗೆ ಇಳಿಯುತ್ತಿದೆ, ಕಿಟಕಿಯಾಚೆ ಸಮುದ್ರ, ಸೂರ್ಯ ಮುಳುಗುವ ಹೊತ್ತು ಎಂದೆ. ನೆರಳು, ನೀರಿನ ಹೊಳಪು ಎಲ್ಲ ತೆಗೆದುಹಾಕಿದ್ದರಿಂದ ಸಮುದ್ರ ಬರಿಯ ನೀಲಿ ಬಟ್ಟೆಯ ಹಾಗಿತ್ತು. ಅದನ್ನು ಹೇಳಲಿಲ್ಲ. ಅಲೆ ಹೊಳೆಯುತ್ತಿವೆ ಎಂದೆ. ಅವಳು, ಅಲೆ ಸದ್ದು ಚೆನ್ನಾಗಿದೆ ಎಂದಳು.

ಅದೇ ದಿನ, ತಂಗಿಗೆ ರೋಗದ ವಿಷಯ ಹೇಳಿದೆಯಾ ಎಂದು ಕೇಳಿದೆ. ತಂಗಿ ಬಸುರಿಯಿದ್ದಾಳೆ, ಹೆದರಿಸಬಾರದು, ಬಾಣಂತನಕ್ಕೆ ಬರುತ್ತಾಳಲ್ಲ, ಆಗ ಹೇಳುತ್ತೇನೆ ಎಂದಳು.

ನಂತರದ್ದು ಬೇಗ ಬೇಗ ಆಯಿತು. ಹಿರಿಯರು ಮತ್ತೆ ಸೇರಿ ಸಂಬಂಧ ಬಿಡಿಸಿದರು. ಅಣ್ಣನಿಗೆ ಇನ್ನೊಂದು ಮದುವೆಯಾಯಿತು. ಮನೆಗೆ ಬಂದ ಹೊಸಬಳ ಎದುರು ಅತ್ತಿಗೆಯ ಮಾತೆತ್ತಬಾರದೆಂದು ಅವ್ವ ನನ್ನಿಂದ ಆಣೆ ಹಾಕಿಸಿಕೊಂಡಳು. ಅತ್ತಿಗೆಯ ಕೈಯಲ್ಲಿದ್ದ ಹಳೆಯ ಮೊಬೈಲು ಕೆಟ್ಟುಹೋಯಿತೋ, ಅವಳಿಗೇ ಸಾಕಾಯಿತೋ, ಆ ಹೆಸರು ಬೂದು ಬಣ್ಣಕ್ಕೆ ತಿರುಗಿ ಹಾಗೇ ಉಳಿಯಿತು. ನನಗೆ ಈ ಶಾಲೆಯಲ್ಲಿ ಕೆಲಸ ಸಿಕ್ಕು ಹಗರಿಬೊಮ್ಮನಹಳ್ಳಿಗೆ ಬಂದೆ. ತಂಬ್ರಹಳ್ಳಿ ಇಲ್ಲಿಂದ ಎಷ್ಟು ಹತ್ತಿರ! ಒಂದು ಭಾನುವಾರ ಹೋಗಬೇಕು ಎಂದುಕೊಳ್ಳುತ್ತಿದ್ದ ಹಾಗೆಯೇ ಮಳೆಗಾಲ ಬಂತು. ಸುತ್ತಲಿನ ಊರುಗಳಲ್ಲೆಲ್ಲ ಜ್ವರ. ಅತ್ತಿಗೆಗೂ ಬಂತು. ಹೊಸಪೇಟೆಗೆ ಒಯ್ದರಂತೆ, ರಕ್ತದಲ್ಲಿ ಏನೋ ಇಳಿದುಹೋಗಿತ್ತಂತೆ. ನನಗೆ ಸುದ್ದಿ ಮುಟ್ಟಿ ನಾನು ತಂಬ್ರಹಳ್ಳಿಗೆ ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅಂಗಳದಲ್ಲಿ ಜನ ಕೂತಿದ್ದರು. ಹೆಂಗಸೊಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು: “ಕಣ್ಣು ಹೋಗಿದ್ವಲ್ಲವ್ವ, ಒಳ್ಳೇದ ಆತು ಬಿಡು.” ಆ ಮಾತಿಗೆ ಯಾರೂ ಎದುರಾಡಲಿಲ್ಲ. ತಂಗಿ ಹಸಿ ಬಾಣಂತಿ, ಹೆರಿಗೆಗೂ ತವರಿಗೆ ಬಿಡದಿದ್ದ ಗಂಡನ ಮನೆಯವರು ಅವಳನ್ನು ಹಡಗಲಿಯಿಂದ ಕಳಿಸಿರಲಿಲ್ಲ. ಅಷ್ಟರೊಳಗೆ ಅತ್ತಿಗೆ ಅವಳಿಗೆ ಹೇಗಾದರೂ ಹೇಳಿರುತ್ತಾಳೆ ಎಂದೇ ನಾನು ತಿಳಿದಿದ್ದೆ.

ಈಗ ಎರಡು ಮಳೆಗಾಲ ಕಳೆದಿವೆ. ಬೀರು ತೆಗೆದ ಅದೇ ವಾರ, ಶಾಲೆ ಬಿಟ್ಟು ಪೇಟೆಯಲ್ಲಿ ಕೆಲಸ ಮುಗಿಸಿ ಬಸ್ ನಿಲ್ದಾಣಕ್ಕೆ ಬಂದಾಗ ಹೊತ್ತು ಮುಳುಗಿತ್ತು. ಕಂಬದ ಪಕ್ಕ ಒಬ್ಬ ಹೆಂಗಸು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದಳು. ಬಸ್ಸೊಂದು ಬಂದು ನಿಂತರೆ, ಅದರ ಹೆಸರಿನ ಹಲಗೆ ಕಣ್ಣೆದುರೇ ಇದ್ದರೂ, ಪಕ್ಕದವರನ್ನು ಇದು ಹಡಗಲಿ ಬಸ್ಸೇ ಎಂದು ಕೇಳುತ್ತಿದ್ದಳು. ಅಲ್ಲ ಎಂದರೆ ಹಿಂದೆ ಸರಿಯುವಾಗ ಪಾದವನ್ನು ನೆಲದ ಮೇಲೆ ತುಸು ಜಾರಿಸಿ, ತಡಕಿ, ಆಮೇಲೆ ಊರುತ್ತಿದ್ದಳು. ಆ ನಡಿಗೆ ನನಗೆ ಗೊತ್ತಿತ್ತು. ಹತ್ತಿರ ಹೋಗಿ ಮಾತಾಡಿಸಿದೆ. ಮುಖ ನೋಡಿ ಗುರುತು ಹಿಡಿಯಲಿಲ್ಲ. ದನಿ ಕೇಳಿದ ಕೂಡಲೇ ಅಕ್ಕಾ ಎಂದು ಕೈ ಹಿಡಿದಳು, ಅತ್ತಿಗೆಯ ತಂಗಿ.

ಊರು, ಮನೆ, ಮಗು ಎಲ್ಲ ಕೇಳಿದ ಮೇಲೆ, ಕಣ್ಣಿಗೆ ಏನಾಗಿದೆ ಎಂದೆ. ಸಂಜೆ ಹೊತ್ತು ಸ್ವಲ್ಪ ಮಂಕು ಎಂದಳು. ಯಾರಿಗಾದರೂ ತೋರಿಸಿದೆಯಾ ಎಂದೆ.

“ಅಕ್ಕಗ ಆದಂಗ ಆಗಂಗಿಲ್ಲ ತಗೋರಿ. ನಾನು ಮೊಬೈಲ್ ಮುಟ್ಟಂಗಿಲ್ಲ. ಮದುವಿ ಆದಾಗಿಂದ ಒಂದಿನಾನೂ ಮುಟ್ಟಿಲ್ಲ. ಈ ಕೂಸಿಗೂ ತೋರಸಂಗಿಲ್ಲ.”

ಅದನ್ನು ಅವಳು ಧೈರ್ಯವಾಗಿ, ಪಥ್ಯ ಸರಿಯಾಗಿ ಮಾಡಿದವರು ಹೇಳುವ ಹಾಗೆ ಹೇಳಿದಳು. ಹಡಗಲಿ ಬಸ್ಸು ಬಂತು. ಜನ ನುಗ್ಗಿದರು. ನಾನು ಅವಳ ತೋಳು ಹಿಡಿದು, ಇದನ್ನು ಬಿಡು, ಮುಂದಿನದಕ್ಕೆ ಹೋಗು ಎಂದೆ. ಕಟ್ಟೆಯ ಮೇಲೆ ಕೂರಿಸಿಕೊಂಡು ಎಲ್ಲ ಹೇಳಿದೆ. ದಾವಣಗೆರೆ, ಡಾಕ್ಟರಮ್ಮ, ರಕ್ತದಲ್ಲಿ ಬಂದ ರೋಗ, ಒಡಹುಟ್ಟಿದವರನ್ನು ಕರೆತನ್ನಿ ಎಂದಿದ್ದು, ಪಡಸಾಲೆಯಲ್ಲಿ ಅವಳ ಅಕ್ಕ ಆಡಿದ ಮಾತು ಯಾಕೆ ಆಡಿದಳು ಎಂಬುದು. ಕಿವಿಯಿಂದಲೇ ಅವಳು ಹೇಗೆ ಆಡುತ್ತಿದ್ದಳು ಎಂಬುದನ್ನೂ ಹೇಳಿದೆ. ಬಸ್ಸುಗಳ ಹಾರ್ನು, ಕಂಡಕ್ಟರುಗಳ ಕೂಗಿನ ನಡುವೆ ಎಷ್ಟೋ ಮಾತು ಎರಡೆರಡು ಸಲ ಹೇಳಬೇಕಾಯಿತು. ಮಗು ಅವಳ ಸರವನ್ನು ಜಗ್ಗುತ್ತ ಆಡುತ್ತಿತ್ತು.

ಅವಳು ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ತನ್ನ ಕಣ್ಣಿನ ಬಗ್ಗೆಯಾಗಲಿ, ಮಗುವಿನ ಬಗ್ಗೆಯಾಗಲಿ ಒಂದು ಮಾತೂ ಕೇಳಲಿಲ್ಲ. ಮಗುವಿನ ಕೈಯಿಂದ ಸರ ಬಿಡಿಸಿಕೊಂಡು ಹೇಳಿದಳು:

“ಅವತ್ತು ಮನಿಗೆ ಹೋದಮ್ಯಾಲೆ ಎಲ್ಲಾರಿಗಿಂತ ಜಾಸ್ತಿ ಬೈದಾಕಿ ನಾನ ಅಕ್ಕಾ. ಆಟಕ್ಕ ಕ‌ಣ್ಣು ಮಾರಿಕೊಂಡಿ, ನಮ್ಮ ಮರ್ಯಾದಿ ಕಳದಿ ಅಂದೆ. ಆಕಿ ಹೂಂ ಅಂದ್ಲು.”

ಭಾನುವಾರ ಅವಳನ್ನೂ ಮಗುವನ್ನೂ ದಾವಣಗೆರೆಗೆ ಕರೆದುಕೊಂಡು ಹೋಗುವುದೆಂದು ಮಾತಾಗಿದೆ. ಗಂಡನ ಮನೆಯಲ್ಲಿ ಏನು ಹೇಳಿ ಬರುತ್ತಾಳೋ ತಿಳಿಯದು. ಮುಂದಿನ ಬಸ್ಸು ಬಂದಾಗ ಪೂರ್ತಿ ಕತ್ತಲಾಗಿತ್ತು. ಮಗುವನ್ನು ನಾನು ಎತ್ತಿಕೊಂಡೆ. ಅವಳ ಕೈ ಹಿಡಿದು ಮೆಟ್ಟಿಲಿನ ಕಂಬಿಯ ಮೇಲೆ ಇಟ್ಟೆ, ಅವಳು ಹತ್ತಿದಳು. ಕಿಟಕಿಯಿಂದ ಮಗುವನ್ನು ಒಳಗೆ ಕೊಟ್ಟೆ. ಬಸ್ಸು ಹೊರಟಾಗ ಅವಳು ನನ್ನತ್ತ ಕೈ ಬೀಸಿದಳು. ನಾನು ನಿಂತಿದ್ದ ಕಡೆಗಲ್ಲ, ಸ್ವಲ್ಪ ಆಚೆಗೆ, ಯಾರೂ ಇಲ್ಲದ ಜಾಗಕ್ಕೆ.